ಕದ್ದ ಐದು ನಿಮಿಷ

ಬೋತ್ನಿಯಾ ಕೊಲ್ಲಿಯ ದಡ. ಜೂನ್ ತಿಂಗಳ ನಡುರಾತ್ರಿ.
ಮುಳುಗಿದಂತೆ ಮಾಡಿ ಮುಳುಗದ ಸೂರ್ಯ
ಕಾರ್ಖಾನೆಯ ತಗಡಿಗೆ ಒರಗಿಕೊಂಡಿದ್ದಾನೆ.
ಒಳಗೆ ಕುಲುಮೆ ಬಾಯಿ ತೆರೆದು
ಗೇಣು ದಪ್ಪದ ಹಲಗೆಯೊಂದನ್ನು ಹೊರಗೆ ತಳ್ಳುತ್ತದೆ,
ಸಾವಿರದ ಇನ್ನೂರು ಡಿಗ್ರಿಯಲ್ಲಿ ಕಾದದ್ದು.
ನೀರಿನ ಏಟಿಗೆ ಮೈಮೇಲಿನ ಹೊಪ್ಪಳೆ ಸಿಡಿಯುತ್ತದೆ.

ಗಾಜಿನ ಕೋಣೆಯಲ್ಲಿ ಎನ್ಸಿಯೊ.
ಕೈಯಲ್ಲಿ ಎರಡು ಹಿಡಿಕೆ, ತಲೆಯಲ್ಲಿ ಒಂದು ಕೆರೆ,
ಕೆರೆಯ ದಡದಲ್ಲಿ ಹೊಗೆಯಾಡುವ ಸೌನಾ.
ನಾಳೆ ಯುಹಾನ್ನುಸ್ ಹಬ್ಬ.
ಅಲ್ಲಿ ಕಲ್ಲು ಕಾದಿದೆ,
ಬರ್ಚ್ ಎಲೆಯ ಕಟ್ಟು ನೆನೆಸಿಟ್ಟು
ಹೆಂಡತಿಯೂ ಕಾದಿದ್ದಾಳೆ.

ಉರುಳೆಗಳ ನಡುವೆ ಒಂದು ಸಲ, ಎರಡು ಸಲ, ಐದು ಸಲ.
ತುಳಿತಕ್ಕೆ ಸಿಕ್ಕ ಹರಳುಗಳು ನಲುಗುತ್ತವೆ,
ನಲುಗಿದಲ್ಲೇ ಹೊಸ ಹರಳು ಮೊಳೆಯುತ್ತದೆ.
ಅಷ್ಟು ಬಿಸಿಯಲ್ಲಿ ಯಾವುದಕ್ಕೂ ನೆನಪಿಲ್ಲ,
ಒತ್ತಿದ್ದು ಯಾರು, ಎಷ್ಟು ಒತ್ತಿದರು.
ಮತ್ತೆ ದುಂಡಗಾಗಿ, ಚಿಕ್ಕದನ್ನು ದೊಡ್ಡದು ನುಂಗಿ,
ಮೈಬಿಟ್ಟು ಬೆಳೆಯುತ್ತವೆ.

ಆದ್ದರಿಂದ ನಿಲ್ಲಿಸಬೇಕು.
ಮೇಜಿನ ಮೇಲೆ, ಏನೂ ಮಾಡದೆ, ಒಂಬತ್ತು ನಿಮಿಷ.
ಕಿತ್ತಳೆ ಹೋಗಿ ಕುಂಕುಮ, ಕುಂಕುಮ ಹೋಗಿ
ಒಣಮೆಣಸಿನಕಾಯಿಯ ಬಣ್ಣ ಬರುವ ತನಕ.
ಎಂಟುನೂರ ಐವತ್ತಕ್ಕೆ ಇಳಿದಾಗ ಒತ್ತಿದರೆ
ಹರಳು ಮರೆಯುವುದಿಲ್ಲ.
ಅವಲಕ್ಕಿಯ ಹಾಗೆ ಚಪ್ಪಟೆಯಾಗಿ
ಆ ಪೆಟ್ಟನ್ನು ಅಂಚಿನಲ್ಲಿ ಇಟ್ಟುಕೊಳ್ಳುತ್ತದೆ,
ತಣಿಯುವಾಗ ಅಂಚಂಚಿನಲ್ಲೂ
ಕಣ್ಣಿಗೆ ಕಾಣದ ಸಾವಿರ ಸಣ್ಣವು ಹುಟ್ಟುತ್ತವೆ.
ಇಂಗಿನಷ್ಟು ಬೆರೆಸಿದ ನಯೋಬಿಯಂ
ಗಡಿಗಡಿಯಲ್ಲಿ ನಿಂತು ಸಾಕು ಬೆಳೆದದ್ದು ಎನ್ನುತ್ತದೆ.

ಕಬ್ಬಿಣ ಕಾದಾಗಲೇ ಬಡಿ ಅಂದವರು
ಕುಡುಗೋಲು ಮಾಡಿದ್ದರು,
ಹಡಗು ಮಾಡಿರಲಿಲ್ಲ.

ಎನ್ಸಿಯೊ ನಾಲ್ಕು ನಿಮಿಷ ಕಾದ.
ಹಿಡಿಕೆ ಎಳೆದ.
ತಟ್ಟೆ ನೋಡಲು ಚೆಂದ, ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಹಬ್ಬ ಕಳೆದ ಮಂಗಳವಾರ, ಪ್ರಯೋಗಾಲಯದಲ್ಲಿ ತೆಲ್ಲೆರ್ವೊ
ಬೆರಳುದ್ದದ ತುಂಡನ್ನು ಮೈನಸ್ ನಲವತ್ತಕ್ಕೆ ತಣಿಸಿ
ಲೋಲಕದ ಸುತ್ತಿಗೆ ಬಿಟ್ಟಳು.
ಟಣ್.
ಬಾಗಲಿಲ್ಲ, ಜಗ್ಗಲಿಲ್ಲ, ಸಕ್ಕರೆ ಅಚ್ಚಿನಂತೆ ಮುರಿಯಿತು.
ಮುರಿದ ಮುಖ ಮಿಣಮಿಣ ಹೊಳೆಯುತ್ತಿತ್ತು, ಅದೇ ಕೆಟ್ಟದ್ದು.
ಇನ್ನೊಂದು ತುಂಡನ್ನು ಕನ್ನಡಿಯಾಗುವಷ್ಟು ಉಜ್ಜಿ, ಆಮ್ಲ ಸೋಕಿಸಿ,
ವರದಿ ಬರೆಯುವ ಮೊದಲು ಅವನಿಗೆ ಹೇಳಿ ಕಳಿಸಿದಳು.

ಇಪ್ಪತ್ತಾರು ವರ್ಷ ಉಕ್ಕು ಉರುಳಿಸಿದವ
ಒಂದು ಹರಳಿನ ಮುಖವನ್ನೂ ಕಂಡಿರಲಿಲ್ಲ.
ಟೋಪಿ ತೆಗೆದು, ಬಗ್ಗಿ, ಒಂದು ಕಣ್ಣು ಮುಚ್ಚಿದ.
ಏಪ್ರಿಲ್‌ನಲ್ಲಿ ಕೊಲ್ಲಿಯ ಮಂಜು ಒಡೆದು ತೇಲುವಂತೆ
ಚಪ್ಪಡಿ ಚಪ್ಪಡಿ.
ಪಕ್ಕದಲ್ಲಿ ಹಳೆಯ ಇನ್ನೊಂದು ತುಂಡು, ಅದೂ ಅವನದೇ:
ರವೆ ಚೆಲ್ಲಿದಂತೆ.
"ಏನಿದು?"
"ನಿನ್ನ ಐದು ನಿಮಿಷ."

ಅವನು ಏನೂ ಹೇಳಲಿಲ್ಲ. ಆ ಕಡೆ ಹಾಗೇ;
ಕಾಫಿ ಬಗ್ಗಿಸಿ ಅವಳ ಮುಂದೆ ಇಟ್ಟು ಹೋದ.

ಜನವರಿಯಲ್ಲಿ, ಹೆಸರಿಡದ ಯಾವುದೋ ಹಡಗಿನ ಮೂತಿಯಲ್ಲಿ
ಮಂಜುಗಡ್ಡೆ ಗುದ್ದುವಾಗ
ಮಲಗಿದ ಇಪ್ಪತ್ತು ಜನರನ್ನು
ಈ ಸಣ್ಣವೇ ಕಾಯಬೇಕು.

ರಾತ್ರಿ ಪಾಳಿ.
ಉಕ್ಕು ಕಾದಿದೆ. ಎನ್ಸಿಯೊ ಕಾಯುತ್ತಿದ್ದಾನೆ,
ಮಂಡಿಯ ಮೇಲೆ ಎರಡೂ ಕೈ.
ಆರು ನಿಮಿಷ ಆಯಿತು.
ಫೋನು ಬಡಿದುಕೊಳ್ಳುತ್ತಿದೆ.
ಬಡಿದುಕೊಳ್ಳಲಿ.