ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್

ಕುಡ್ಲದ ಚಳಿಗಾಲ ಅಂದರೆ
ಬೆಳಿಗ್ಗೆ ನಾಲ್ಕೂವರೆಯಿಂದ ಆರೂಕಾಲು.
ಆಮೇಲೆ ರವಿಕೆ ಬೆನ್ನಿಗಂಟುತ್ತದೆ.
ಉಳಿದ ಚಳಿಯನ್ನೆಲ್ಲ ನಾವೇ ಮಾಡುವುದು,
ಬಂದರಿನ ಐಸ್ ಪ್ಲಾಂಟಿನಲ್ಲಿ,
ಐವತ್ತು ಕಿಲೋದ ಗಡ್ಡೆಗಳಾಗಿ.
ನಾನು ಲೆಕ್ಕ ಬರೆಯುವವಳು:
ಯಾವ ಬೋಟಿಗೆ ಎಷ್ಟು, ಯಾರ ಬಾಕಿ ಎಷ್ಟು.
ಕರಗಿದ್ದಕ್ಕೆ ಕಾಲಂ ಇಲ್ಲ.

ಸೈಕಲ್ ನಿಂತಿತ್ತು ಉಪ್ಪುನೀರಿನ ಟ್ಯಾಂಕಿನ ಹಿಂದೆ.
ಎಮ್ಮೆಕೊಂಬಿನಂಥ ಹ್ಯಾಂಡಲು, ದಪ್ಪ ಟಯರು,
ಮಣೆಯಷ್ಟು ಅಗಲದ ಸೀಟು.
ಯಾವುದೋ ಹಡಗಿನ ಅಡುಗೆಯವ
ಅರ್ಧ ಮೂಟೆ ಗೇರುಬೀಜಕ್ಕೆ ಕೊಟ್ಟುಹೋದದ್ದಂತೆ.
ಅಲ್ಲ, ಇಸ್ಪೀಟಿನಲ್ಲಿ ಸೋತದ್ದು, ಅನ್ನುತ್ತಾನೆ ವಾಚ್‌ಮನ್ ಕೊಗ್ಗ.
ಹೊರಗೆ ಕಡಲ ಉಪ್ಪು, ಒಳಗೆ ಟ್ಯಾಂಕಿನ ಉಪ್ಪು,
ನಡುವೆ ನಿಂತದ್ದರ ಮೇಲೆ ತುಕ್ಕು
ಬಡ್ಡಿಯ ಹಾಗೆ ಬೆಳೆದಿತ್ತು.

"ಗುಜರಿಗೆ ಹಾಕಿ" ಅಂದರು ಧಣಿ.
"ನನಗೆ ಕೊಡಿ" ಅಂದೆ.
"ನಿಂಗೆ ಸೈಕಲ್ ಬರ್ತದಾ ವಾರಿಜಾ?"
ಬರುವುದಿಲ್ಲ ಅಂತ ಹೇಳಲಿಲ್ಲ.

ಬೆಂಗ್ರೆಯ ದೋಣಿಯವ ಅದಕ್ಕೂ ಒಂದು ಟಿಕೇಟು ಹರಿದ.
ಹೊಳೆ ದಾಟುವಷ್ಟು ಹೊತ್ತೂ ಜನ ನೋಡಿದರು,
ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಅಂತ.

ಮಳೆಗಾಲದಲ್ಲಿ ಇಲ್ಲಿ ಬಣ್ಣ ಒಣಗುವುದಿಲ್ಲ,
ಹಪ್ಪಳದಂತೆ ಗುಳ್ಳೆ ಏಳುತ್ತದೆ.
ಬೇಸಗೆಯಲ್ಲಿ ಕಬ್ಬಿಣ ಮುಟ್ಟಲಾಗದು.
ಡಿಸೆಂಬರ್ ಬೇಕು, ಮೂಡುಗಾಳಿ ಬೇಕು,
ತುಟಿ ಒಡೆಯುವ ಗಾಳಿಗೇ ಬಣ್ಣ ಕೂರುವುದು.

ಪೆಡಲಿನ ಕಾಟರ್ ಪಿನ್ನು ಬಿಡಲಿಲ್ಲ.
ಸೀಮೆಎಣ್ಣೆ ಹೊಯ್ದೆ, ತೆಂಗಿನೆಣ್ಣೆ ಹೊಯ್ದೆ,
ತುಳುವಿನಲ್ಲಿ ಬೈದೆ.
ಒಂಬತ್ತು ದಿನ.
"ಹೊಡೀಬೇಡ, ಕೇಳು" ಅಂದರು ಅದ್ದಾಕ,
ಸೈಕಲ್ ಶಾಪು ಮುಚ್ಚಿ ಆರು ವರ್ಷವಾದರೂ
ಕಿಸೆಯಲ್ಲಿ ವಾಲ್ವ್ ಟ್ಯೂಬಿನ ತುಂಡು ಇಟ್ಟುಕೊಂಡವರು.
ಕಿವಿ ಇಟ್ಟರು ಕಬ್ಬಿಣಕ್ಕೆ,
ಬಸುರಿಯ ಹೊಟ್ಟೆಗೆ ಸೂಲಗಿತ್ತಿ ಇಟ್ಟ ಹಾಗೆ.
ಸುತ್ತಿಗೆ ಒಂದೇ ಸಲ: ಟಕ್.
ಬಂತು.
"ಒಂಬತ್ತು ದಿನ ಬಿಡಿಸಿದ್ದು ನೀನು. ನಾನು ಹೊರಗೆ ತೆಗೆದೆ, ಅಷ್ಟೇ."

ಉಜ್ಜಿದೆ. ಕಪ್ಪು ಹೋಯಿತು,
ಅದರಡಿ ಪ್ಲಾಂಟಿನ ಗೇಟಿನ ಹಸಿರು,
ಅದರಡಿ ಕೆನೆಬಣ್ಣ, ಒಂದೆಳೆ ಕೆಂಪು ಗೆರೆ,
ಯಾವುದೋ ಹೆಸರಿನ ಕೊನೆಯ ಎರಡು ಅಕ್ಷರ.
ಯಾವ ಭಾಷೆಯದೋ, ನನಗೆ ಓದಲು ಬಾರದ್ದು.
ಆ ಎರಡು ಬೆರಳಗಲ ಬಿಟ್ಟು
ಉಳಿದಲ್ಲಿಗೆಲ್ಲ ಯಾದವಣ್ಣನ ಬೋಟಿಗೆ ಬಳಿದು ಮಿಕ್ಕ ನೀಲಿ.
ಹ್ಯಾಂಡಲಿನ ಹೊಳಪು ಬರಲಿಲ್ಲ.
ಸಿಡುಬಿನ ಮುಖದಂತೆ ಹಾಗೇ ಉಂಟು.

ಬೆಲ್ ಸಿಗದೆ
ಮೀನು ಮಾರುವವರ ರಬ್ಬರ್ ಹಾರ್ನು ಕಟ್ಟಿದೆ.
ಒಮ್ಮೆ ಅದುಮಿ ನೋಡಿದ್ದಷ್ಟೆ, ಪೊಂವ್!
ಎದುರುಮನೆಯ ಲಲಿತಕ್ಕ ತಟ್ಟೆ ಹಿಡಿದು ಬಂದಳು:
"ಬಂಗುಡೆ ಉಂಟಾ?"
ಹಿಂದೆ ನಾಲ್ಕು ಬೆಕ್ಕು.

ಜನವರಿಯ ಕೊನೆ. ಇಳಿತದ ಹೊತ್ತು.
ಮರಳು ಸಿಮೆಂಟಿನಷ್ಟು ಗಟ್ಟಿ.
ನಲವತ್ತೊಂಬತ್ತರ ಮೊಣಕಾಲು, ಎತ್ತಿಕಟ್ಟಿದ ಸೀರೆ,
ಕವುಚಿ ಹಾಕಿದ ದೋಣಿಯ ಮೇಲೆ ಕೂತು
ಅದ್ದಾಕ ಕೂಗುತ್ತಾರೆ, ಮುಂದೆ ನೋಡು, ಕೆಳಗಲ್ಲ.
ಮೂರು ಸಲ ಬಿದ್ದೆ. ಬಿದ್ದಾಗೆಲ್ಲ ಹಾರ್ನು ತಾನೇ ಕೂಗಿತು.
ನಾಲ್ಕನೆಯ ಸಲ ನೆಲ ನನ್ನನ್ನು ಮರೆಯಿತು.
ಹದಿನೇಳು ಮಾರು, ಆಮೇಲೆ ಅಳೆದೆ.
"ಬ್ರೇಕು! ಬ್ರೇಕು ಹಿಡಿಯೇ!"
ಇಬ್ಬರಿಗೂ ಮರೆತುಹೋಗಿತ್ತು,
ಈ ಸೈಕಲ್ಲಿಗೆ ಬ್ರೇಕು ಕೈಯಲ್ಲಿಲ್ಲ,
ಹಿಂದಕ್ಕೆ ತುಳಿದರೆ ಮಾತ್ರ ನಿಲ್ಲುವುದು.
ಹಿಂದಕ್ಕೆ ತುಳಿಯಲು ಕಾಲು ಒಪ್ಪಲಿಲ್ಲ.
ಕಡಲೇ ನಿಲ್ಲಿಸಿತು.

ಮತ್ತೆ ಉಪ್ಪು.
ಮನೆಗೆ ಬಂದು ಬಾವಿಯ ಸಿಹಿನೀರು ಸೇದಿ
ಮೊದಲು ಅದನ್ನು ತೊಳೆದೆ,
ಕಡ್ಡಿ ಕಡ್ಡಿಯನ್ನೂ ಒರೆಸಿದೆ.
ಆಮೇಲೆ ನನ್ನನ್ನು.
ಐಸ್ ಪ್ಲಾಂಟಿಗೆ ತಡವಾಯಿತು.