ಒಂದು ಲೋಡು ಸೌದೆ

ಬೆಳಗಿನ ಐದಕ್ಕೆ ಲಾರಿ ನಮ್ಮ ಬೀದಿಗೆ ಹಿಂದುಹಿಂದಾಗಿ ಬರುತ್ತದೆ,
ಮುಂದಾಗಿ ಬಂದರೆ ತಿರುಗಲು ಜಾಗವಿಲ್ಲ.
ಕ್ಲೀನರ್ ಹುಡುಗ ಅದರ ಬೆನ್ನು ತಟ್ಟುತ್ತಾನೆ
ಎಮ್ಮೆಯನ್ನು ಕೊಟ್ಟಿಗೆಗೆ ಬಿಡುವವನ ಹಾಗೆ:
ಬರ್ಲಿ, ಬರ್ಲಿ, ಬರ್ಲಿ, ಹಾ.
ಆ ‘ಹಾ’ ಒಂದು ಗೇಣು ತಡವಾದದ್ದಕ್ಕೇ
ಹೋದ ವರ್ಷ ನಮ್ಮ ನಲ್ಲಿ ಮುರಿದದ್ದು.

ನೀಲಗಿರಿ, ಎಂಟಡಿ ದಿಮ್ಮಿ, ಒಂಬತ್ತು ಟನ್ನು
ಎನ್ನುತ್ತದೆ ಚೀಟಿ.
ತುಂಬಿದ ಲಾರಿ ತೂಗುವಾಗ ಡ್ರೈವರ್ ಸೀಟಲ್ಲೇ ಇರುತ್ತಾನೆ,
ಖಾಲಿ ಲಾರಿ ತೂಗುವಾಗಷ್ಟೇ
ಅವನಿಗೆ ಚಾ ನೆನಪಾಗುವುದು.

ದಿಮ್ಮಿಯ ತುದಿಗೆ ಮೂಗು ಒಡ್ಡುತ್ತೇನೆ.
ಅತ್ತೆ ಜೈತೂನ್‌ಬಿ ಕಲಿಸಿದ್ದು:
ಒಣಗಿದ್ದು ಬಿರಿದಿರುತ್ತದೆ, ಬಡಿದರೆ ಕಣಕಣ;
ಹಸಿಯದು ದೊಪ್ಪೆನ್ನುತ್ತದೆ, ಸುಳ್ಳು ಸಾಕ್ಷಿಯಂತೆ.
‘ಮುನಿಯಲ್ಲಪ್ಪ, ಇದರಲ್ಲಿ ಮೂರು ಟನ್ನು ಬರೀ ನೀರು.’
‘ನಮ್ಮ ಸೀಮೇಲಿ ನೀರಿಗೂ ರೇಟಿದೆ ಫೈರೋಜಮ್ಮ.’
ನಕ್ಕರೆ ಐನೂರು ಹೋಯಿತೆಂದೇ ಲೆಕ್ಕ.
ಸೆರಗಲ್ಲಿ ಬಾಯಿ ಒರೆಸಿಕೊಂಡೆ.

ಹೊರೆಯ ಅಡಿಯಲ್ಲಿ ಮೂರು ದಿಮ್ಮಿ ಬೇರೆ ಜಾತಿ.
ಕಪ್ಪು ತೊಗಟೆ, ಸುಣ್ಣದ ಪಟ್ಟಿ, ಕಾವಿ ಪಟ್ಟಿ,
ಬಿಳಿಯ ಮೇಲೆ ೨೧೪.
ರಸ್ತೆ ಅಗಲವಾಗುವಾಗ ಉರುಳಿದ ಹುಣಿಸೆ.
ಅದರ ಕೆಳಗೆ ನಾನು ಬಸ್ಸಿಗೆ ಕಾದದ್ದೋ
೨೧೩ರ ಕೆಳಗೋ, ಯಾರು ಬಲ್ಲರು,
ಮರದ ನಂಬರು ನೋಡುವ ವಯಸ್ಸಲ್ಲ ಅದು.

‘ಬರೀ ಗಂಟು, ಕೊಡಲಿಗೆ ಬಗ್ಗಲ್ಲ’ ಅಂದ ಅವನೇ.
ಮುಖ ಸಿಂಡರಿಸಿದೆ. ಹೂಂ, ಗಂಟೇ,
ಸೀಳುವ ಕೂಲಿ ನೀನು ಕೊಡ್ತೀಯಾ ಅಂದೆ.
ಆರುನೂರು ಇಳಿಯಿತು.
ಹುಣಿಸೆ ಕೆಂಡದ ಬೆಲೆ ಅವನಿಗೆ ಗೊತ್ತಿಲ್ಲ, ನನಗೆ ಗೊತ್ತು.
ದೇವರು ಕ್ಷಮಿಸಲಿ, ಕ್ಷಮಿಸದಿರಲಿ,
ಶಿಡ್ಲಘಟ್ಟದ ಗೂಡಿನ ಹರಾಜಿನಲ್ಲಿ
ನನ್ನನ್ನು ಇದುವರೆಗೆ ಯಾರೂ ಕ್ಷಮಿಸಿಲ್ಲ.

ನೀಲಗಿರಿ ಬೇಗ ಹತ್ತುತ್ತದೆ, ಭರ್ರೆನ್ನುತ್ತದೆ,
ಹೊಸ ಅಳಿಯನ ಮಾತಿನ ಹಾಗೆ.
ಗೂಡು ಬೆಂದು, ಎಳೆ ಸಿಕ್ಕಿ,
ಚರಕಕ್ಕೆ ಏರುವಷ್ಟರಲ್ಲಿ ಬೂದಿ.
ಇನ್ನೊಂದು ತುರುಕು. ಇನ್ನೊಂದು.
ನೀರು ಆರಿದರೆ ಎಳೆ ತುಂಡು, ಕಾದರೆ ಗೂಡು ಹಿಟ್ಟು.
ಈ ನೀರಲ್ಲಿ ಇಪ್ಪತ್ತೆರಡು ವರ್ಷ ಅದ್ದಿ
ನನ್ನ ಬೆರಳ ಗೆರೆ ಅಳಿಸಿವೆ;
ರೇಷನ್ ಅಂಗಡಿಯ ಯಂತ್ರ ಮೂರು ಸಲ
ನಾನು ನಾನಲ್ಲ ಅಂದಿದೆ.

ಒಲೆಯ ಹಿಂದಿನ ಗೋಡೆ ಎರಡು ಮನೆಗೆ ಒಂದೇ.
ಆಚೆ ಪದ್ಮಕ್ಕನ ಮಗಳು, ಹನ್ನೆರಡು ದಿನದ ಬಾಣಂತಿ,
ಮಂಚವನ್ನು ಗೋಡೆಗೆ ಅಂಟಿಸಿ ಮಲಗಿದ್ದಾಳೆ.
ಡಿಸೆಂಬರಿನ ಚಳಿ ನಂದಿಬೆಟ್ಟ ಇಳಿದು
ನಮ್ಮ ಬೀದಿಗೇ ಬಾಡಿಗೆಗೆ ಬಂದಿದೆ.

ಪದ್ಮಕ್ಕ ಏನೂ ಕೇಳಲಿಲ್ಲ.
ಸಂಜೆ ಬಟ್ಟಲು ವಾಪಸು ಕೊಡುವ ನೆಪದಲ್ಲಿ ಬಂದು
‘ನಾಳೆ ಮಾರ್ಕೆಟ್ ರಜೆಯಂತೆ, ಗೂಡಿಲ್ಲವಂತೆ’
ಎಂದು ನಿಂತಳು.
ಬಟ್ಟಲು ಕೊಟ್ಟ ಮೇಲೂ ನಿಂತಿದ್ದಳು.

ಗರಗಸದವನು ಕೊಯ್ದಿಟ್ಟ ೨೧೪ರ ಮೋಟನ್ನು
ರಾತ್ರಿ ಹತ್ತಕ್ಕೆ ಇಬ್ಬರೂ ಉರುಳಿಸಿ ತಂದೆವು,
ಸೀಳದೆ, ಬಣ್ಣದ ಸಮೇತ.
ಮೊದಲು ಸುಣ್ಣ ಚಿಟಿಚಿಟಿ ಉದುರಿತು,
ಆಮೇಲೆ ನಾಲ್ಕು ಹೋಯಿತು, ಆಮೇಲೆ ಒಂದು.
ಹುಣಿಸೆ ಉರಿಯುವುದಿಲ್ಲ, ಕೂತುಕೊಳ್ಳುತ್ತದೆ,
ಸಾವಿನ ಮನೆಗೆ ಬಂದ ಹಿರಿಯಳಂತೆ,
ಹುಟ್ಟಿನ ಮನೆಗೂ ಅವಳೇ ತಾನೆ ಬರುವುದು,
ಬೆಳಗಿನ ತನಕ ಏಳುವುದಿಲ್ಲ.

ತಗಡು ಮುಚ್ಚಿ, ಲೆಕ್ಕದ ಪುಸ್ತಕ ತೆಗೆದೆ.
ಸೌದೆ: ನಲವತ್ತು ಕೆಜಿ.
ಯಾವ ಗೂಡಿಗೆ? ಅನ್ನುವ ಕಾಲಂ.
ಪೆನ್ನು ಅಲ್ಲೇ ಸ್ವಲ್ಪ ಹೊತ್ತು ನಿಂತಿತು.
ಗೋಡೆಯಾಚೆ ಕೂಸು ಒಂದು ಸಲ ಸೀನಿತು.

ನಾಳೆ ನಯಾಜ್‌ಗೆ ಹೇಳಬೇಕು,
ಆ ಉಳಿದೆರಡನ್ನು ಸೀಳಬೇಡ ಅಂತ.