ಎಳಿ ಕಡದ ಜಾಗಾ

ಹಿಂದಿನ ಎಡಗಡೆ ಬಾಗಲದ್ದಽ ತಕರಾರು.
ತೇರದಾಳ ದಾಟೂದಽ ತಡ,
ಕಟಕ್, ಕಟಕ್, ಕಟಕ್.
ಯಾರೂ ಮುಟ್ಟಿಲ್ಲ, ಲಾಕಿನ ಗುಂಡಿ
ತಾನಽ ಏಳತೈತಿ, ತಾನಽ ಕೂಡತೈತಿ.
ಸೀರಿ ಗಂಟಿಗೆ ಒರಗಿ ಕುಂತ ನಮ್ಮ ಚಿಗವ್ವ
"ಯಾರೋ ಇಳೀತೀನಿ ಅಂತಾರ ನೋಡವಾ" ಅಂತಾಳ,
ಸಾಂಗಲಿ ಮಟಾ ಅದಽ ಮಾತು.

ಹೋದ ವರ್ಷ ಆ ಬಾಗಲದ ಮೋಟರು ಸತ್ತಿತ್ತು,
ಹೊಸಾದು ಹಾಕಿಸಿದ್ದೆ.
ಈ ವರ್ಷ ಹೊಸಾದಽ ಒದರಾಕ ಹತ್ತೇತಿ.
ಜಮಖಂಡಿ ಶೋರೂಮಿನ ಹುಡುಗ
ಕೀಲಿಕೈ ಬೆರಳಾಗ ತಿರುವಿಕೋತ
"ಮೇಡಂ, ಪೂರಾ ಸೆಟ್ ಬದಲಿ ಮಾಡಬೇಕು,
ನಾಕು ಸಾವಿರದ ಇನ್ನೂರು" ಅಂದ.
ಬಾಗಲಾ ತಗದು ನೋಡಲಿಲ್ಲ.

ಬನಹಟ್ಟಿ. ಮುರಿಗೆಪ್ಪ ಕಾಕಾನ ಶೆಡ್ಡು.
ಇಪ್ಪತ್ತೆರಡು ವರ್ಷ ಪಾವರಲೂಮಿನ ಮುಂದ ನಿಂತು
ಎರಡೂ ಕಿವಿ ಮಗ್ಗಕ್ಕ ಕೊಟ್ಟು ಬಂದಾವ.
ಬಾಜೂ ಪಂಕ್ಚರಿನಾಂವ ನಗತಾನ:
ಸಪ್ಪಳದ ರಿಪೇರಿಗೆ
ಕಿವುಡನ ಕಡೆ ಬಂದ್ಯಾ ತಂಗೆವ್ವ?

ಕಾಕಾ ಅಂಗೈ ಇಡತಾನ ಬಾಗಲದ ಮ್ಯಾಲ,
ಜ್ವರ ಬಂದ ಕೂಸಿನ ಹಣಿ ಮುಟ್ಟಿಧಾಂಗ.
ಸ್ಕ್ರೂಡ್ರೈವರಿನ ಹಿಡಿ ದವಡಿಗೆ ಒತ್ತಿ
ಕಣ್ಣ ಮುಚ್ಚತಾನ.
ಒಳಗಿನ ಹಲಗಿ ಬಿಚ್ಚಿದ್ರ ಬರೇ ಅರಳಿ ಬೂರು
(ಬನಹಟ್ಟಿಯೊಳಗ ಅದು ಹೊಗದ ಸಂದಿ ಯಾವದು),
ಹಲ್ಲಿನ ಬ್ರಷ್ಶಿಲೆ ಝಾಡಿಸಿದ, ಮತ್ತ ಮುಟ್ಟಿದ.
"ಇದರದ್ದೇನ ತಪ್ಪಿಲ್ಲ. ಇದು ಒದರತೈತಿ ಅಷ್ಟ.
ನಾಕೂ ಬಾಗಲಾ ಅದನ್ನ ಮಾಡತಾವ,
ಉಳದವು ಮುದುಕ ಆಗ್ಯಾವ, ದನಿ ಸಾಲೂದಿಲ್ಲ.
ಮಗ್ಗದಾಗ ಹಂಗಽ ನೋಡು,
ಡಾಗು ಕಾಣೂದು ಒಂದ ಕಡೆ,
ಎಳಿ ಕಡದದ್ದು ಇನ್ನೊಂದ ಕಡೆ."

ನನ್ನ ಬಾಗಲಕ್ಕ ಬಂದ.
ದಿನಕ್ಕ ಮೂವತ್ತ ಸಲ ನಾನು ತಗದು ಬಡಿಯೂದು,
ಒಮ್ಮೆನೂ ಚಕಾರ ಎತ್ತಿಲ್ಲದ್ದು.
ಕೀಲಿನ ಹಂತೇಕ ಸುಕ್ಕಬಿದ್ದ ರಬ್ಬರ ಕೊಳವಿ,
ಅದರಾಗ ಹಾಯೂ ವಾಯರ್ ಐದು,
ತಗದಾಗ ಜಗ್ಗತಾವ, ಹಾಕಿದಾಗ ಮಡಚತಾವ.
ಉಗುರಿಲೆ ಎಣಿಸಿದ, ಹಾಸಿನ ಎಳಿ ಎಣಿಸಿಧಾಂಗ,
ನಾಕನೇದಕ್ಕ ನಿಂತ.
ಮ್ಯಾಲಿನ ತೊಗಲು ಕೂಡೇತಿ, ಒಳಗ ತಾಮ್ರ ಕಡದೈತಿ.
ಗಾಡಿ ನಡಗಿದಾಗೊಮ್ಮೆ ಮುಟ್ಟತೈತಿ, ಬಿಡತೈತಿ,
ಹಾಕು ಅಂತೈತಿ, ತಗಿ ಅಂತೈತಿ,
ಹೇಳಿದ್ದ ಕೇಳೂವಂಥಾದ್ದು ಪಾಪ
ಹಿಂದ ಬಡಕೋತೈತಿ.

ಎರಡೂ ತುದಿ ಸುಲದು ಅವನ ಬೆರಳು
ನೇಕಾರರ ಗಂಟು ಹಾಕಿಬಿಟ್ಟವು.
ನೋಡಿ ತಾನಽ ನಕ್ಕ, ಬಿಚ್ಚಿದ.
ನಡುವ ಗೇಣುದ್ದ ಹೊಸಾ ವಾಯರ್ ಕೂಡಿಸಿ
ಬೆಸಗಿ ಹಾಕಿದ, ಜಗ್ಗಲಿ ಅಂತ ಸಡಲ ಬಿಟ್ಟು.

ಕೀಲಿ ತಿರುವಿದೆ.
ನಾಕೂ ಗುಂಡಿ ಒಂದಽ ಸಲ ಮುಳಗಿದವು.
ಕಾಕಾ ನನ್ನ ಮಾರಿ ನೋಡಿದ. "ಹೋತಾ?"
ಓಣಿ ತುಂಬ ಮಗ್ಗ ಬಡೀತಿದ್ದವು,
ಖರೇ ಹೇಳಬೇಕಂದ್ರ ನನಗೂ ಏನೂ ಕೇಳಿರಲಿಲ್ಲ.
ಅವನ ಕೈ ಹಿಡದು ಬಾಗಲದ ಮ್ಯಾಲಿಟ್ಟು
ಇನ್ನೊಮ್ಮೆ ತಿರುವಿದೆ.

ಚೂರು ಹೊತ್ತು ಹಂಗಽ ಇಟ್ಟುಕೊಂಡು ನಿಂತ.
"ನೂರಾ ಇಪ್ಪತ್ತು ಕೊಡು" ಅಂದ.